ಘಾಟಿಯಲ್ಲಿ ಹಳಿ ಬಂದ್ ಆದಾಗ 55 ಕಿ.ಮೀ.ಗೆ ಮಾತ್ರ ಬಸ್ ಬಿಟ್ಟರೆ ಆಗದಾ?

ಮೀಟರ್‌ಗೇಜ್ ಮಾಣಿ
2025ರ ಜೂನ್ 1ರಿಂದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ವಿದ್ಯುದೀಕರಣಕ್ಕೆ ಹಗಲು ಬ್ಲಾಕ್ (ಕೆಲಸಕ್ಕಾಗಿ ಹಳಿ ಬಂದ್) ತೆಗೆದುಕೊಂಡರು. ಯಶವಂತಪುರ–ಮಂಗಳೂರು ಜಂಕ್ಷನ್ (16575/76), ಯಶವಂತಪುರ–ಕಾರವಾರ (16515/16), ಶನಿವಾರದ 16539 ಮತ್ತು ಅದರ ಭಾನುವಾರದ ಜೋಡಿ, ಎಲ್ಲವೂ ಪೂರ್ತಿ ರದ್ದು. ಮೊದಲು ನವೆಂಬರ್ 1ರ ತನಕ ಅಂದಿದ್ದರು, ಆಮೇಲೆ ಡಿಸೆಂಬರ್ ಮಧ್ಯದ ತನಕ ಎಳೆಯಿತು. ಈ ಮೂರೂ ಸೇರಿ ವಾರದ ಏಳು ದಿನವೂ ಹಗಲಲ್ಲಿ ಒಂದೊಂದು ಗಾಡಿ ಸಿಗುತ್ತಿತ್ತು. ಉಳಿದದ್ದು ರಾತ್ರಿ ಗಾಡಿಗಳು ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಬ್ಲಾಕ್ ಇದ್ದದ್ದು 55 ಕಿ.ಮೀ.ಗೆ, ರದ್ದಾದದ್ದು ಇಡೀ ದಾರಿ. ಯಶವಂತಪುರದಿಂದ ಸಕಲೇಶಪುರದವರೆಗೆ ರೈಲು, ಅಲ್ಲಿಂದ ನೆಟ್ಟಣಕ್ಕೆ (ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವ ಊರು) ಬಸ್ಸು, ನೆಟ್ಟಣದಿಂದ ಮಂಗಳೂರಿಗೆ ಮತ್ತೆ ರೈಲು, ಹೀಗೆ ಜೋಡಿಸಲು ಏನು ಅಡ್ಡಿ? ತಂತಿ ಎಳೆಯುವ ಕೆಲಸ ಮುಗಿಯಿತು ಸರಿ, ಗುಡ್ಡ ಜಾರುವ ಕೆಲಸ ಮುಗಿಯುವಂಥದ್ದಲ್ಲವಲ್ಲ. ಮುಂದಿನ ಬ್ಲಾಕ್‌ಗೆ ಮೊದಲೇ ಲೆಕ್ಕ ಹಾಕಿ ಇಡೋಣ ಅಂತ.

ಗೊರಗುಂಟೆಪಾಳ್ಯ
ಯಾಕೆ ಬೇಕು ಗುರು ಈ ಸರ್ಕಸ್ಸು? ಎರಡು ಸಲ ಲಗೇಜ್ ಇಳಿಸಿ ಹತ್ತಿಸೋ ಬದ್ಲು ನೆಲಮಂಗಲ, ಕುಣಿಗಲ್ ಮೇಲೆ ಸೀದಾ ಬಸ್ಸಲ್ಲಿ ಹೋದ್ರೆ ಏಳೆಂಟು ಗಂಟೇಲಿ ಮಂಗಳೂರು.

ಕಡಬದವ
ಸೀದಾ ಬಸ್ಸು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಿಗೆ ಸರಿ ಮಾರಾಯ್ರೆ. ಆ ಗಾಡಿಯಲ್ಲಿ ಕೂತವರೆಲ್ಲ ಮಂಗಳೂರಿಗೆ ಹೋಗುವವರು ಅಂತ ಯಾರು ಹೇಳಿದ್ದು? ಹಾಸನದಿಂದ ಪುತ್ತೂರಿಗೆ, ಚನ್ನರಾಯಪಟ್ಟಣದಿಂದ ಸುಬ್ರಹ್ಮಣ್ಯಕ್ಕೆ, ಕುಣಿಗಲ್‌ನಿಂದ ಉಡುಪಿಗೆ, ಹೀಗೆ ತುಂಡು ತುಂಡು ಪ್ರಯಾಣ ಬೇಕಷ್ಟು ಉಂಟು. ಸೀದಾ ಬಸ್ಸು ಪುತ್ತೂರು ಪೇಟೆಗೆ ಬರುವುದೇ ಇಲ್ಲ, ಉಪ್ಪಿನಂಗಡಿಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಕಾರವಾರದವರ ಪಾಡು ಇನ್ನೂ ಬೇರೆ.

ಡಿಪೊ ಲೆಕ್ಕ
ಮಾಣಿಯವರೇ, ನೀವು ಕೇಳಿದ್ದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡ್ತೀನಿ. ಉದಾಹರಣೆಗೆ ಸಕಲೇಶಪುರದಲ್ಲಿ ರೈಲಿನಿಂದ 900 ಜನ ಇಳಿದರು ಅಂತಿಟ್ಕೊಳ್ಳಿ.

ಕರ್ನಾಟಕ ಸಾರಿಗೆ ಕೆಂಪು ಬಸ್ಸಲ್ಲಿ 3+2 ಸಾಲು, ಐವತ್ತರ ಮೇಲೆ ಒಂದೆರಡು ಸೀಟು. ರೈಲಿನ ಜನರಿಗೆ ಐವತ್ತು ಲೆಕ್ಕ ಹಿಡಿಯಬೇಡಿ, 45 ಹಿಡೀರಿ. ಕಾರಣ ಲಗೇಜು. ರೈಲಲ್ಲಿ ಸೆಕೆಂಡ್ ಕ್ಲಾಸಿಗೆ 35 ಕಿಲೋ, ಸ್ಲೀಪರಿಗೆ 40 ಕಿಲೋ ಉಚಿತ, ಬಸ್ಸಲ್ಲಿ ದೊಡ್ಡವರಿಗೆ 30. ಕಿಲೋಗಿಂತ ಗಾತ್ರದ್ದೇ ತಲೆನೋವು: ರೈಲಿನ ಸೀಟಿನಡಿ ತಳ್ಳೋ ಟ್ರಂಕು ಬಸ್ಸಿನ ರ‍್ಯಾಕಲ್ಲಿ ಕೂರಲ್ಲ, ಹಿಂದಿನ ಡಿಕ್ಕಿ ಹತ್ತು ಹನ್ನೆರಡು ಸೂಟ್‌ಕೇಸಿಗೆ ತುಂಬುತ್ತೆ. 900 ಭಾಗಿಸು 45, ಇಪ್ಪತ್ತು ಬಸ್ಸು. ಮೇಲೆ ಎರಡು ಸ್ಪೇರ್, ಘಾಟಿಯ ಮೇಲೊಂದು ಕೆಳಗೊಂದು. ಅಲ್ಲಿಗೆ 22.

ಬಸ್ಸು ಸಿಕ್ಕರೆ ಮುಗೀತು ಅನ್ನಬೇಡಿ. ಒಂದೇ ಬಾಗಿಲು, ಲಗೇಜು ಹಿಡಿದ ಒಬ್ಬರಿಗೆ ಎಂಟು ಸೆಕೆಂಡು ಅಂದ್ರೂ 45 ಜನಕ್ಕೆ ಆರು ನಿಮಿಷ. ಡಿಕ್ಕಿ ತುಂಬಿ, ತಲೆ ಎಣಿಸಿ, ಬಸ್ಸು ಜಾಗ ಬಿಡೋಕೆ ಹತ್ತು ನಿಮಿಷ. ನಿಲ್ದಾಣದ ಮುಂದೆ ಒಮ್ಮೆಗೆ ನಾಲ್ಕೇ ಬಸ್ಸು ನಿಲ್ಲೋಕಾದ್ರೆ ಇಪ್ಪತ್ತು ಬಸ್ಸಿಗೆ ಐದು ಸುತ್ತು, 50 ನಿಮಿಷ. ಕೊನೇ ಬಸ್ಸಿನವರು ಅಷ್ಟೂ ಹೊತ್ತು ಮಳೇಲಿ. ಇಳಿಯೋ ಕಡೆಗೂ ಇದೇ ಲೆಕ್ಕ. ಅಲ್ಲಿ ರೈಲು ಹೊರಡಬೇಕಾದ್ದು ಮೊದಲ ಬಸ್ಸು ಬಂದಾಗಲ್ಲ, ಕೊನೇದು ಬಂದಾಗ.

ಮೀಟರ್‌ಗೇಜ್ ಮಾಣಿ
@ಡಿಪೊ ಲೆಕ್ಕ ಇಂಥದ್ದೇ ಬೇಕಿತ್ತು. ಡ್ರೈವರ್ ಲೆಕ್ಕ?

ಡಿಪೊ ಲೆಕ್ಕ
2025ರ ನವೆಂಬರ್‌ವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರವೇ ಲೆಕ್ಕ ಹಿಡಿದ್ರೆ ದಿನಕ್ಕೆ 8 ಗಂಟೆ, ವಾರಕ್ಕೆ 48. ಸತತ ಐದು ಗಂಟೆ ಆಗೋದ್ರೊಳಗೆ ಅರ್ಧ ಗಂಟೆ ಬಿಡುವು. ಸಕಲೇಶಪುರ–ಗುಂಡ್ಯ–ನೆಟ್ಟಣ ಒಂದೂವರೆಯಿಂದ ಎರಡು ಗಂಟೆ, ಹತ್ತಿಸೋದು ಇಳಿಸೋದು ಸೇರಿ ಎರಡೂವರೆ ಮೂರು. ಇಳಿಯೋ ಗಾಡಿ ಜನರನ್ನ ಕೆಳಗೆ ಬಿಟ್ಟು, ಊಟ ಮಾಡಿ, ಏರೋ ಗಾಡಿ ಜನರನ್ನ ಮೇಲೆ ತಂದ್ರೆ ಒಬ್ಬ ಡ್ರೈವರಿಗೆ ಒಂದು ದಿನದ ಕೆಲಸ ಸರಿಯಾಗಿ ತುಂಬುತ್ತೆ. ದಿನಕ್ಕೆ ಒಂದು ಇಳಿಕೆ, ಒಂದು ಏರಿಕೆ ಇರೋ ನಿಮ್ಮ ಗಾಡಿಗಳಿಗೆ ಇದು ಒಗ್ಗುತ್ತೆ.

ಒಗ್ಗದ ಕಡೆ ಒಂದಿದೆ. ರೈಲು ಎರಡು ಗಂಟೆ ತಡ ಆದ್ರೆ 22 ಡ್ರೈವರುಗಳ ಅವಧಿ ಒಟ್ಟಿಗೆ ಮೀರುತ್ತೆ. ಬರೋ ದಾರೀಲಿ ಡ್ಯೂಟಿ ಮುಗೀತು ಅಂತ ಘಾಟಿ ನಡುವೆ ಗಾಡಿ ನಿಲ್ಸೋಕಾಗುತ್ತಾ? ಅದಕ್ಕೆ ಎರಡು ಕಡೆಯೂ ರಿಸರ್ವ್ ಡ್ರೈವರು, ರಾತ್ರಿ ಉಳಿಯೋಕೆ ಜಾಗ, ಎರಡನ್ನೂ ಒಪ್ಪಂದದಲ್ಲೇ ಬರೆಸ್ಬೇಕು.

ವಿಸ್ಟಾ
ಒಂದು ತಮಾಷೆ ಗಮನಿಸಿ. ಆ 55 ಕಿ.ಮೀ.ನಲ್ಲಿ ಬಸ್ಸೇ ಬೇಗ! 1:50 ಇಳಿಜಾರು, 57 ಸುರಂಗ, ರೈಲು ಗಂಟೆಗೆ 30 ಕಿ.ಮೀ. ಮೇಲೆ ಹೋಗುವಂತಿಲ್ಲ. ಬ್ಯಾಂಕರ್ ಎಂಜಿನ್ (ಘಾಟಿಗೆಂದು ಹಿಂದೆ ಜೋಡಿಸುವ ಹೆಚ್ಚುವರಿ ಎಂಜಿನ್) ಸೇರಿಸುವುದು ಬಿಡಿಸುವುದು, ಎದುರು ಗಾಡಿಗೆ ಕಾಯುವುದು ಸೇರಿ ಎರಡೂವರೆ ಮೂರು ಗಂಟೆ. ರಸ್ತೆ ಸರಿ ಇದ್ದ ದಿನ ಬಸ್ಸು ಅದಕ್ಕಿಂತ ಮುಂಚೆ ನೆಟ್ಟಣದಲ್ಲಿ ಇರುತ್ತದೆ. ಅಂದರೆ ಹತ್ತಿಸುವುದರಲ್ಲಿ ಹೋದ 50 ನಿಮಿಷ ದಾರಿಯಲ್ಲೇ ವಾಪಸ್ ಬರುತ್ತದೆ.

44 ಸೀಟಿನ ವಿಸ್ಟಾಡೋಮ್‌ಗೆ (ಘಾಟಿ ನೋಡಲೆಂದೇ ಇರುವ ಗಾಜಿನ ಬೋಗಿ) ದುಡ್ಡು ಕೊಟ್ಟವರಿಗೆ ಮಾತ್ರ ಬದಲಿ ಬಸ್ಸು ಕೊಡಲು ಬರುವುದಿಲ್ಲ. ಗುಂಡ್ಯದಲ್ಲಿ ಲಾರಿ ಹಿಂದಿನ ಬರಹ ಓದಿಕೊಂಡು ಹೋಗಬೇಕಷ್ಟೆ.

ಹುಬ್ಬಳ್ಳಿ ಜಂಕ್ಷನ್
"ರಸ್ತೆ ಸರಿ ಇದ್ದ ದಿನ" ಅಂದ್ರಲ್ರೀ, ಎಲ್ಲಾ ಗುಟ್ಟು ಅದರಾಗ ಐತಿ.

ಗುಡ್ಡ ಜಾರಿದ ಮೇಲೆ
ಅದನ್ನೇ ಹೇಳಲು ಬಂದೆ. ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಬ್ಲಾಕ್‌ಗಳನ್ನು ಒಂದೇ ಬುಟ್ಟಿಗೆ ಹಾಕುತ್ತಿದ್ದೀರಿ.

ಒಂದು, ಯೋಜಿತ ಬ್ಲಾಕ್. ತಂತಿ ಎಳೆಯುವುದು, ಹಳಿ ಬದಲಿಸುವುದು. ರಸ್ತೆ ಚೆನ್ನಾಗಿಯೇ ಇರುತ್ತದೆ, ದಿನಾಂಕ ಮೊದಲೇ ಗೊತ್ತು. ಬದಲಿ ಬಸ್ಸು ಇಲ್ಲಿ ನಡೆಯುತ್ತದೆ.

ಇನ್ನೊಂದು, ಮಳೆ. ಹಳಿ ಮೇಲೆ ಗುಡ್ಡ ಕುಸಿಯುವ ಮಳೆ ಪಕ್ಕದ ರಸ್ತೆಯನ್ನೇನು ಬಿಡುತ್ತದೆಯೇ? 2018ರ ಆಗಸ್ಟ್‌ನಲ್ಲಿ ಘಾಟಿಯ ಹಳಿ ಹೋಯಿತು, ಅದೇ ತಿಂಗಳು ಶಿರಾಡಿ ರಸ್ತೆಯೂ ಬಂದ್, ಮಡಿಕೇರಿ–ಸಂಪಾಜೆ ರಸ್ತೆಯೂ ಬಂದ್. 2024ರ ಜುಲೈ 26ಕ್ಕೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿತು, ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿತ. ಆಗಸ್ಟ್‌ನಲ್ಲಿ ಹಳಿ ಸರಿಯಾಯಿತು ಅನ್ನುವಷ್ಟರಲ್ಲಿ ಬಾಳ್ಳುಪೇಟೆ–ಸಕಲೇಶಪುರ ನಡುವೆ ಇನ್ನೊಂದು ಕುಸಿತ. ಇಂಥ ವಾರ ನಿಮ್ಮ 22 ಬಸ್ಸು ಎಲ್ಲಿಂದ ಇಳಿಯುತ್ತವೆ?

ಬದಲಿಗೆ ಚಾರ್ಮಾಡಿ ಘಾಟಿ ರಸ್ತೆ ಅನ್ನಬೇಡಿ. 2019ರ ಆಗಸ್ಟ್‌ನಲ್ಲಿ ಅದೂ ಕುಸಿದು ಮುಚ್ಚಿತ್ತು, ಆಮೇಲೆ ಭಾರಿ ವಾಹನಗಳಿಗೆ ಬಹುಕಾಲ ನಿರ್ಬಂಧ. ಬಿಸಿಲೆ ರಸ್ತೆ ಅಗಲ ಸಾಲದು, ದೊಡ್ಡ ಬಸ್ಸು ಎದುರುಬದುರಾದರೆ ಒಂದು ಹಿಂದೆ ಹೋಗಬೇಕು.

ಗೊರಗುಂಟೆಪಾಳ್ಯ
ಹಾಗಾದ್ರೆ ಮಳೆಗಾಲಕ್ಕೆ ಉತ್ತರವೇ ಇಲ್ವಾ?

ಗುಡ್ಡ ಜಾರಿದ ಮೇಲೆ
ರೈಲಿಗೆ ಇರುವ ಬಳಸುದಾರಿ ಸೇಲಂ, ಶೊರನೂರು, ಕೋಝಿಕ್ಕೋಡ್ ಮೇಲಿನದು. 2018ರಲ್ಲಿ ರಾತ್ರಿ ಗಾಡಿಗಳನ್ನು ಹಾಗೆ ಸುತ್ತಿಸಿದ್ದರು. ಮಂಗಳೂರಿಗೆ ಮುಟ್ಟುತ್ತದೆ, ಆದರೆ ಹಾಸನ, ಸಕಲೇಶಪುರ, ಪುತ್ತೂರಿನವರಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಟಿಕೆಟ್ ತಮ್ಮಣ್ಣ
ಹಣದ ವಿಷಯಕ್ಕೆ ಬರೋಣ. ಗಾಡಿ ರದ್ದಾದರೆ ಪೂರ್ತಿ ಹಣ ವಾಪಸ್. ಇ-ಟಿಕೆಟ್ ಆದರೆ ತಾನಾಗಿಯೇ ಖಾತೆಗೆ ಬರುತ್ತದೆ, ಏನೂ ಮಾಡಬೇಕಿಲ್ಲ. ಕೌಂಟರ್ ಟಿಕೆಟ್ ಆದರೆ ಗಾಡಿ ಹೊರಡಬೇಕಿದ್ದ ಸಮಯದಿಂದ 72 ಗಂಟೆಯೊಳಗೆ ಕೌಂಟರಿಗೆ ಒಪ್ಪಿಸಬೇಕು. ಅಲ್ಲಿಗೆ ರೈಲ್ವೆಯ ಹೊಣೆ ಮುಗಿಯಿತು, ಬಸ್ಸು ಕೊಡಲೇಬೇಕು ಅಂತ ನಿಯಮ ಇಲ್ಲ.

ಪದವಿನಂಗಡಿ
ಅರ್ಧ ದಾರಿಯಲ್ಲಿ ಗಾಡಿ ನಿಂತರೂ ಪೂರ್ತಿ ಹಣ ಕೊಡುತ್ತಾರಲ್ಲ?

ಟಿಕೆಟ್ ತಮ್ಮಣ್ಣ
ಎಲ್ಲ ಸಲವೂ ಅಲ್ಲ, ಇಲ್ಲೇ ಬಹಳ ಜನ ಎಡವುವುದು. ಕುಸಿತ, ಪ್ರವಾಹ, ಅಪಘಾತದಿಂದ ನಡುದಾರಿಯಲ್ಲಿ ಸಂಚಾರ ಕಡಿದುಹೋದರೆ ಎರಡು ಬಗೆ. ಮುಂದಿನ ದಾರಿಗೆ ರೈಲ್ವೆ ಯಾವ ವ್ಯವಸ್ಥೆಯನ್ನೂ ಮಾಡಲಾಗದಿದ್ದರೆ, ಆಗಲೇ ಪ್ರಯಾಣಿಸಿದ ಭಾಗವೂ ಸೇರಿ ಪೂರ್ತಿ ಹಣ ವಾಪಸ್. ಬಸ್ಸೋ ಬೇರೆ ಗಾಡಿಯೋ ಕೊಟ್ಟು "ಬನ್ನಿ, ಮುಟ್ಟಿಸುತ್ತೇವೆ" ಅಂದಾಗ ನೀವು ಬೇಡ ಅಂದರೆ, ಪ್ರಯಾಣಿಸಿದಷ್ಟು ದೂರದ ಹಣ ಹಿಡಿದುಕೊಂಡು ಉಳಿದದ್ದು ಮಾತ್ರ ಕೊಡುತ್ತಾರೆ. ಹಾಗಾಗಿ ಸಕಲೇಶಪುರದಲ್ಲಿ ಗಾಡಿ ನಿಂತಾಗ ಹೊರಗೆ ಓಡಿ ಟ್ಯಾಕ್ಸಿ ಹಿಡಿಯುವ ಮೊದಲು, ಬಸ್ಸು ಕೊಡುತ್ತಿದ್ದಾರೋ ಇಲ್ಲವೋ ಅಂತ ಸ್ಟೇಷನ್ ಮಾಸ್ಟರ್ ಹತ್ತಿರ ಕೇಳಿಕೊಳ್ಳಿ. ಇ-ಟಿಕೆಟಿನವರು ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕುವಾಗ ಕಾರಣದ ಪಟ್ಟಿಯಲ್ಲಿ ಸರಿಯಾದದ್ದನ್ನೇ ಆರಿಸಬೇಕು. "ಪ್ರಯಾಣ ಮಾಡಿಲ್ಲ" ಅಂತ ಒತ್ತಿದರೆ ಅರ್ಜಿ ಬಿದ್ದುಹೋಗುವ ಸಂಭವ ಹೆಚ್ಚು.

ಮೀಟರ್‌ಗೇಜ್ ಮಾಣಿ
ಅಂದರೆ ಗಾಡಿ ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಬಸ್ಸಿನ ಮಾತಾದರೂ ಬರುತ್ತದೆ. ಮೊದಲೇ ಗೊತ್ತಿದ್ದ ಐದು ತಿಂಗಳ ಬ್ಲಾಕ್‌ಗೆ ಟಿಕೆಟ್ಟನ್ನೇ ಮಾರುವುದಿಲ್ಲ, ಟಿಕೆಟ್ ಇಲ್ಲ ಅಂದಮೇಲೆ ಪ್ರಯಾಣಿಕನೂ ಇಲ್ಲ, ಬಸ್ಸೂ ಇಲ್ಲ. ಚೆನ್ನಾಗಿದೆ ನ್ಯಾಯ!

ಟಿಕೆಟ್ ತಮ್ಮಣ್ಣ
ಹೂಂ, ಅಷ್ಟೇ.

ಫ್ರಾಂಕ್‌ಫರ್ಟ್ ಫಿಲ್ಟರ್ ಕಾಫಿ
ಜರ್ಮನಿಯಲ್ಲಿ ಇದಕ್ಕೆ ಒಂದು ಉದ್ದದ ಪದವೇ ಇದೆ: ಶೀನನ್‌ಎರ್ಸಾಟ್ಸ್‌ಫೆರ್ಕೇರ್. ಹಳಿ ಬದಲಿ ಸಂಚಾರ ಅಂತ ಅರ್ಥ, ಬಸ್ ಮೇಲೆ ಎಸ್‌ಇವಿ ಅಂತ ಬರೆದಿರುತ್ತದೆ. 2024ರಲ್ಲಿ ಫ್ರಾಂಕ್‌ಫರ್ಟ್–ಮನ್‌ಹೈಮ್ ನಡುವಿನ ಸುಮಾರು 70 ಕಿ.ಮೀ. ರೀಡ್‌ಬಾನ್ ಮಾರ್ಗವನ್ನು ಜುಲೈ 15ರಿಂದ ಡಿಸೆಂಬರ್ 14ರವರೆಗೆ ಪೂರ್ತಿ ಮುಚ್ಚಿದರು. ದೂರದ ರೈಲುಗಳನ್ನು ಬೇರೆ ಹಳಿಗೆ ತಿರುಗಿಸಿದರು, ಊರೂರಿಗೆ ನಿಲ್ಲುವ ರೈಲುಗಳ ಬದಲಿಗೆ ಬಸ್ಸು: ಸುಮಾರು 150 ಬಸ್ಸು, 400 ಡ್ರೈವರು.

ನಮಗೆ ಉಪಯೋಗವಾಗುವ ಅಂಶ ಸಂಖ್ಯೆಯಲ್ಲಿಲ್ಲ. ರೈಲು ಟಿಕೆಟ್ಟೇ ಬಸ್ಸಿಗೂ ನಡೆಯುತ್ತದೆ, ಬೇರೆ ಕೊಳ್ಳಬೇಕಿಲ್ಲ. ಬಸ್ಸಿನ ವೇಳೆ ರೈಲಿನ ವೇಳಾಪಟ್ಟಿಯ ಆ್ಯಪಿನಲ್ಲೇ ಕಾಣುತ್ತದೆ. ಎಲ್ಲ ಬಸ್ಸಿಗೂ ಒಂದೇ ಬಣ್ಣ ಬಳಿದಿದ್ದರು, ನಿಲ್ದಾಣದಿಂದ ಹೊರಬಂದವರಿಗೆ ಯಾವುದು ಅಂತ ಹುಡುಕುವ ಗೋಳಿಲ್ಲ. ಜತೆಗೆ ಎಲ್ಲ ಬಸ್ಸೂ ಎಲ್ಲ ಊರಲ್ಲೂ ನಿಲ್ಲಲಿಲ್ಲ. ಕೆಲವು ಎಕ್ಸ್‌ಪ್ರೆಸ್, ಕೆಲವು ಪ್ರತಿ ನಿಲ್ದಾಣಕ್ಕೆ. ರೈಲಿನ ನಿಲುಗಡೆ ಪಟ್ಟಿಯನ್ನು ಬಸ್ಸಿಗೆ ಹಾಗೇ ಅಂಟಿಸಿದರೆ ಹೆದ್ದಾರಿ ಬಿಟ್ಟು ಪ್ರತಿ ಊರೊಳಗೆ ಹೋಗಿ ಬರುವುದರಲ್ಲೇ ಹೊತ್ತು ಕಳೆದುಹೋಗುತ್ತದೆ.

ಹುಬ್ಬಳ್ಳಿ ಜಂಕ್ಷನ್
ಆ ಪದ ಹೇಳೂದ್ರಾಗ ಬಸ್ ಹೋಗಿಬಿಡ್ತದ ನೋಡ್ರಿ.

ಡಿಪೊ ಲೆಕ್ಕ
ನಿಲುಗಡೆ ಮಾತು ಸರಿಯಾಗಿದೆ. ನಮ್ಮ ಘಾಟಿಲಿ ಅದು ಇನ್ನೂ ಸುಲಭ. ನಡುವಿನ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲುಗಳಲ್ಲಿ ಇಳಿಯೋ ಜನ ಇಲ್ಲವೇ ಇಲ್ಲ ಅನ್ನಬಹುದು. ಎಡಕುಮೇರಿಗಂತೂ ಬಸ್ಸು ಹೋಗೋ ರಸ್ತೆಯೇ ಇಲ್ಲ, ಅಲ್ಲಿನ ಸಿಬ್ಬಂದಿಗೆ ಅಕ್ಕಿಬೇಳೆಯೂ ಹಳಿ ಮೇಲೇ ಬರ್ಬೇಕು. ಹಾಗಾಗಿ ಬಸ್ಸು ಸಕಲೇಶಪುರ ಬಿಟ್ಟರೆ ಕೆಳಗೇ ನಿಲ್ಲೋದು.

ನಾನಾದ್ರೆ ಹತ್ತಿಸೋವಾಗ್ಲೇ ಜನರನ್ನ ಮೂರು ಗುಂಪು ಮಾಡ್ತೀನಿ. ಸುಬ್ರಹ್ಮಣ್ಯದವರ ಬಸ್ಸು ನೆಟ್ಟಣಕ್ಕೆ ಹೋಗದೇ ನೇರ ಕುಕ್ಕೆಗೆ, ಹೇಗೂ ಸ್ಟೇಷನ್ನಿಂದ ದೇವಸ್ಥಾನ ಹನ್ನೆರಡು ಕಿ.ಮೀ. ದೂರ. ಪುತ್ತೂರಿನವರ ಬಸ್ಸು ಗುಂಡ್ಯದಿಂದ ಉಪ್ಪಿನಂಗಡಿ ಮೇಲೆ ಪುತ್ತೂರಿಗೆ. ಉಳಿದವ್ರು ಮಾತ್ರ ನೆಟ್ಟಣದಲ್ಲಿ ರೈಲಿಗೆ. ಹೀಗೆ ಮಾಡಿದ್ರೆ ನೆಟ್ಟಣದ ನೂಕುನುಗ್ಗಲು ಎಷ್ಟೋ ತಗ್ಗುತ್ತೆ.

ಕಡಬದವ
ಕೆಳಗಿನ ರೈಲು ಹೊಸದಾಗಿ ಹುಟ್ಟಬೇಕಿಲ್ಲ. ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ಗಾಡಿಯನ್ನು 2025ರ ಏಪ್ರಿಲ್‌ನಲ್ಲೇ ಸುಬ್ರಹ್ಮಣ್ಯ ರೋಡ್ ತನಕ ವಿಸ್ತರಿಸಿ ಆಗಿದೆ. ಅದರ ವೇಳೆಯನ್ನು ಬಸ್ಸಿಗೆ ಹೊಂದಿಸಿದರೆ ಸಾಕು.

ವಿಸ್ಟಾ
ಪ್ಯಾಸೆಂಜರ್ ಗಾಡಿಯ ವೇಳೆ ಬದಲಿಸಿದರೆ ಅದರಲ್ಲಿ ದಿನಾ ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಸುಮ್ಮನಿರುತ್ತಾರಾ? ಬೆಳಗ್ಗೆ ಮಂಗಳೂರಿಗೆ, ಸಂಜೆ ವಾಪಸ್, ಅದು ಅವರ ಗಾಡಿ. ಮಧ್ಯಾಹ್ನಕ್ಕೆ ಬೇರೆಯೇ ರೇಕ್ (ಬೋಗಿಗಳ ಸಾಲು) ಬೇಕು. ಹೇಗೂ ರದ್ದಾದ ಎಕ್ಸ್‌ಪ್ರೆಸ್ಸಿನ ರೇಕ್‌ಗಳು ಖಾಲಿ ನಿಂತಿರುತ್ತವೆ, ಒಂದನ್ನು ರಾತ್ರಿ ಬ್ಲಾಕ್ ಇಲ್ಲದ ಹೊತ್ತಿನಲ್ಲಿ ಕೆಳಗಿಳಿಸಿ ಅಲ್ಲೇ ಇಟ್ಟುಕೊಳ್ಳಬಹುದು. ನೀರು ತುಂಬಿಸುವುದು, ತೊಳೆಯುವುದು ಎಲ್ಲ ಮಂಗಳೂರಲ್ಲಿ. ನೆಟ್ಟಣದಲ್ಲಿ ಎಂಜಿನ್ ಆ ತುದಿಯಿಂದ ಈ ತುದಿಗೆ ಬರಲು ಒಂದು ಲೈನ್ ಖಾಲಿ ಬಿಟ್ಟಿರಬೇಕು, ಬ್ಲಾಕ್ ಸಮಯದಲ್ಲಿ ಅದೇ ಲೈನಲ್ಲಿ ತಂತಿ ಕೆಲಸದ ಗಾಡಿ (ಟವರ್ ವ್ಯಾಗನ್) ನಿಲ್ಲಿಸಿದರೆ ಕೆಟ್ಟಿತು.

ಪದವಿನಂಗಡಿ
ಎಲ್ಲ ಸರಿ, ಖಾಸಗಿ ಬಸ್ಸು ಬಾಡಿಗೆಗೆ ತೆಗೆದುಕೊಂಡರೆ ಕಡಿಮೆ ಆಗುವುದಿಲ್ವಾ? ಕರಾವಳಿಯಲ್ಲಿ ಬಸ್ಸಿಗೆ ಎಂತ ಬರಗಾಲ?

ಡಿಪೊ ಲೆಕ್ಕ
ಪರ್ಮಿಟ್ ನೋಡ್ಬೇಕು ಸ್ವಾಮಿ. ಟೂರಿಸ್ಟ್ ಬಸ್ಸಿನ ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟಲ್ಲಿ ಒಂದು ಒಪ್ಪಂದಕ್ಕೆ ಇಡೀ ಗಾಡಿ ಕೊಡಬಹುದು, ದಾರೀಲಿ ಹೊಸಬರನ್ನ ಹತ್ತಿಸಿ ಬಿಡಿ ಬಿಡಿ ಟಿಕೆಟ್ ಹರಿಯೋಕಿಲ್ಲ. ಅದಕ್ಕೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ಟೇ ಬೇಕು. ಆ ಕಡೆಯಿಂದ ಈ ಕಡೆಗೆ ನಡುವೆ ನಿಲ್ಲದ ಬಸ್ಸಿಗೆ ಖಾಸಗಿಯದ್ದೂ ನಡೆಯುತ್ತೆ. ಕೆಎಸ್‌ಆರ್‌ಟಿಸಿಯಿಂದಾದ್ರೆ ಮದುವೆ ದಿಬ್ಬಣಕ್ಕೆ ಕೊಡೋ ಹಾಗೆ ಸಾಂದರ್ಭಿಕ ಒಪ್ಪಂದದ ಮೇಲೆ ತಗೋಬಹುದು. ಆದ್ರೆ 22 ಬಸ್ಸು ಒಂದೇ ಘಟಕದಿಂದ ಎತ್ತಿದ್ರೆ ಆ ಘಟಕದ ಹಳ್ಳಿ ಶೆಡ್ಯೂಲುಗಳು ಬೀಳ್ತವೆ. ಶಾಲೆ ಮಕ್ಕಳ ಬಸ್ಸು ಕಿತ್ತು ರೈಲಿನವರಿಗೆ ಕೊಟ್ಟ ಹಾಗಾಗುತ್ತೆ. ಹಾಸನ, ಪುತ್ತೂರು, ಮಂಗಳೂರು ವಿಭಾಗಗಳಿಗೆ ಹಂಚಿ ತಗೋಬೇಕು.

ಕುಣಿಗಲ್ ಕುದುರೆ
ಶಕ್ತಿ ಯೋಜನೆ ಮರೆತ್ರಾ? 2023ರ ಜೂನ್ 11ರಿಂದ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ. ಹಗಲು ರೈಲು ರದ್ದಾದಾಗ ನಮ್ ಕಡೆ ಹೆಂಗಸರು ಕೆಂಪು ಬಸ್ ಹತ್ತಿದ್ರು, ಗಂಡಸ್ರು ಮಾತ್ರ ರೈಲಿನ ಜನರಲ್ ಟಿಕೆಟ್ಟಿನ ಎರಡು ಮೂರು ಪಟ್ಟು ಕೊಟ್ರು. ರಾಜಹಂಸ, ಐರಾವತ ಆದ್ರೆ ಯಾರಿಗೂ ಬಿಟ್ಟಿ ಇಲ್ಲ.

ಟಿಕೆಟ್ ತಮ್ಮಣ್ಣ
ಅದು ಸೀದಾ ಬಸ್ಸಿನ ಮಾತು. ರೈಲ್ವೆ ಬಾಡಿಗೆಗೆ ಪಡೆದ ಬಸ್ಸಲ್ಲಿ ಯಾರಿಗೂ ಬೇರೆ ಟಿಕೆಟ್ ಇರಬಾರದು, ರೈಲು ಟಿಕೆಟ್ ತೋರಿಸಿದರೆ ಆಯಿತು. ಕಷ್ಟ ಎಲ್ಲಿ ಅಂದರೆ ಎಷ್ಟು ಬಸ್ಸು ಬೇಕು ಅಂತ ತಿಳಿಯುವುದರಲ್ಲಿ. ಮುಂಗಡ ಬುಕಿಂಗಿನವರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ ಅಂತ ಚಾರ್ಟಿನಲ್ಲಿ ಸಿಗುತ್ತದೆ. ಜನರಲ್ ಬೋಗಿಯವರದ್ದು ಕೌಂಟರಿನಲ್ಲಿ ಮಾರಿದ ಟಿಕೆಟ್ ಲೆಕ್ಕದಿಂದ ಅಂದಾಜು ಮಾಡಬೇಕು, ಅವರಲ್ಲಿ ಎಷ್ಟು ಜನ ಈ ಗಾಡಿ ಹತ್ತಿದರು ಅಂತ ಯಂತ್ರಕ್ಕೆ ಗೊತ್ತಿಲ್ಲ. ಹಾಸನ ಬಿಟ್ಟ ಮೇಲೆ ಟಿಟಿಇ ಬೋಗಿ ಬೋಗಿ ಎಣಿಸಿ ಸಕಲೇಶಪುರಕ್ಕೆ ಫೋನ್ ಮಾಡುವುದೇ ನಂಬಿಗಸ್ತ ದಾರಿ. ಭಾನುವಾರಕ್ಕೂ ಬುಧವಾರಕ್ಕೂ ಒಂದೇ ಸಂಖ್ಯೆ ಹಾಕಿದರೆ ಒಂದು ದಿನ ಖಾಲಿ ಬಸ್ಸು, ಇನ್ನೊಂದು ದಿನ ಜಗಳ.

ಸೀಟು ಮೂರು
ಎರಡು ವಿಷಯ ಯಾರೂ ಹೇಳಲಿಲ್ಲ. ಒಂದು, ಶೌಚಾಲಯ. ರೈಲಿನಿಂದ ಇಳಿದ 900 ಜನರಿಗೆ ಬಸ್ ಹತ್ತುವ ಮೊದಲು ಬೇಕಾಗುವುದೇ ಅದು, ಮುಂದೆ ಎರಡು ಗಂಟೆ ಘಾಟಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಇನ್ನೊಂದು, ಗಾಲಿಕುರ್ಚಿಯವರು, ಮಂಡಿ ನೋವಿನ ಹಿರಿಯರು. ಪ್ಲಾಟ್‌ಫಾರ್ಮ್ ಎತ್ತರದಿಂದ ಬೋಗಿಗೆ ಕಾಲಿಡುವುದಕ್ಕೂ ನೆಲದಿಂದ ಕೆಂಪು ಬಸ್ಸಿನ ಕಡಿದಾದ ಮೂರು ಮೆಟ್ಟಿಲು ಹತ್ತುವುದಕ್ಕೂ ಅಜಗಜಾಂತರ. ಪ್ರತಿ ರೈಲಿಗೆ ಎರಡು ಕಾರು ಬೇರೆ ಇಟ್ಟುಬಿಡಿ, ಬಸ್ಸಿಗೆ ಎತ್ತಿ ಹತ್ತಿಸುವ ಹಿಂಸೆಗಿಂತ ಅಗ್ಗ. ವಾಂತಿ ಆಗುವವರನ್ನು ಹಿಂದಿನ ಚಕ್ರದ ಮೇಲೆ ಕೂರಿಸಬೇಡಿ, ಎರಡು ಚಕ್ರಗಳ ನಡುವಿನ ಸೀಟು ಕೊಡಿ. ಶಿರಾಡಿಯಲ್ಲಿ ಒಬ್ಬರು ಶುರು ಮಾಡಿದರೆ ಸಾಲಾಗಿ ಶುರು.

ಹುಬ್ಬಳ್ಳಿ ಜಂಕ್ಷನ್
ಬಸ್ಸು ರೈಲಿನ ಬದ್ಲಿ ಅನ್ಕೊಂತ ಕುಂತೀರಿ, ರೈಲನ್ನs ಬಸ್ ಮಾಡಿದ್ದು ನೆನಪೈತೇನು? ಶಿವಮೊಗ್ಗ–ತಾಳಗುಪ್ಪ ಹಳಿ ಮ್ಯಾಲೆ ರೈಲ್‌ಬಸ್, ಬಂಗಾರಪೇಟೆ–ಕೋಲಾರಕ್ಕೂ ರೈಲ್‌ಬಸ್. ಬಿಇಎಂಎಲ್ ಮಾಡಿದ್ದು. ಬಸ್ಸಿನಂಥ ಒಂದs ಬೋಗಿ, ಕೆಳಗ ರೈಲಿನ ಗಾಲಿ.

ಮೀಟರ್‌ಗೇಜ್ ಮಾಣಿ
ವಿಷಯಾಂತರವೇ ಆದರೂ ಒಳ್ಳೆಯ ವಿಷಯಾಂತರ. ಜನ ಕಡಿಮೆ ಇದ್ದ ಕವಲು ಮಾರ್ಗ ಮುಚ್ಚದೇ ಉಳಿಸಲು ಅದು ಅಗ್ಗದ ಉಪಾಯ ಆಗಿತ್ತು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯ ನಂತರ ಮಾರ್ಗ ಮುಚ್ಚಿ ಬಸ್ಸು ಕೊಟ್ಟರು, ಎಷ್ಟೋ ಕಡೆ ಕೆಲವೇ ವರ್ಷಗಳಲ್ಲಿ ಆ ಬಸ್ಸೂ ನಿಂತಿತು. ಬದಲಿ ಬಸ್ಸಿನ ಭಯ ನನಗೆ ಇರುವುದು ಅಲ್ಲೇ.

ಗುಡ್ಡ ಜಾರಿದ ಮೇಲೆ
ಅಷ್ಟು ದೂರ ಯಾಕೆ? ಇದೇ ಹಾಸನ–ಮಂಗಳೂರು ಮಾರ್ಗ. 1979ರಲ್ಲಿ ಮೀಟರ್‌ಗೇಜಾಗಿ (ಕಿರಿದಾದ ಹಳಿ) ತೆರೆಯಿತು, 1996ರಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಮಾಡಲು ಘಾಟಿ ಮುಚ್ಚಿದರು. ಗೂಡ್ಸ್ ಓಡಿದ್ದು 2006ಕ್ಕೆ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ಗೆ. ಹತ್ತು ವರ್ಷ ದಾಟಿ ಜನ ಬಸ್ಸಿಗೇ ಒಗ್ಗಿಹೋದರು. ರಾತ್ರಿ ಬಸ್ಸಿನ ವ್ಯಾಪಾರ ಆ ದಾರಿಯಲ್ಲಿ ಬೇರು ಬಿಟ್ಟದ್ದೇ ಆಗ. ರೈಲು ವಾಪಸ್ ಬಂದಾಗ ಪ್ರಯಾಣಿಕರನ್ನು ಮೊದಲಿನಿಂದ ಸಂಪಾದಿಸಬೇಕಾಯಿತು.

ಗೊರಗುಂಟೆಪಾಳ್ಯ
ಉಲ್ಟಾನೂ ಆಗಿದೆ. 2015ರಲ್ಲೂ 2018ರಲ್ಲೂ ಶಿರಾಡಿಗೆ ಕಾಂಕ್ರೀಟ್ ಹಾಕೋಕೆ ರಸ್ತೆ ತಿಂಗಳುಗಟ್ಟಲೆ ಬಂದ್. 2018ರಲ್ಲಿ ಜನವರಿಯಿಂದ ಜುಲೈವರೆಗೆ. ಆಗ ರೈಲೇ ಬಸ್ಸಿನ ಬದಲಿ. ಜುಲೈನಲ್ಲಿ ರಸ್ತೆ ತೆರೆದ್ರು, ಆಗಸ್ಟಲ್ಲಿ ಎರಡೂ ಹೋದವು 😀

ಕಡಬದವ
ಒಂದು ಪುಕ್ಕಟೆ ಸಲಹೆ, ಮಂಗಳೂರು ಕಡೆಗೆ ಸೀದಾ ಬಸ್ಸಲ್ಲಿ ಹೋಗಿ ಮುಂದೆ ರೈಲು ಹಿಡಿಯುವವರಿಗೆ. ಬಸ್ಸು ಮುಟ್ಟುವುದು ಬಿಜೈ ಬಸ್ ನಿಲ್ದಾಣಕ್ಕೆ. ಮಂಗಳೂರು ಜಂಕ್ಷನ್ ಇರುವುದು ಪಡೀಲ್ ಹತ್ತಿರ, ಸೆಂಟ್ರಲ್ ಹಂಪನಕಟ್ಟೆ ಕಡೆ. ಮೂರೂ ಮೂರು ದಿಕ್ಕು. ಜಂಕ್ಷನ್ನಿಗೆ ಹೋಗುವವರು ಬಿಜೈ ತನಕ ಹೋಗಬೇಡಿ, ಬಸ್ಸು ಪಡೀಲ್ ಮೇಲೆಯೇ ಬರುತ್ತದೆ, ಅಲ್ಲೇ ಇಳಿದುಕೊಳ್ಳಿ.

ಪದವಿನಂಗಡಿ
ಪಡೀಲಲ್ಲಿ ಮಲ್ಟಿ ಆ್ಯಕ್ಸಲ್ ಬಸ್ಸಿನವ ನಿಲ್ಲಿಸಿದರೆ ಉಂಟಲ್ಲ! ಬಿ.ಸಿ. ರೋಡ್ ದಾಟುವಾಗಲೇ ಡ್ರೈವರ್ ಹತ್ತಿರ ಹೇಳಿಡಬೇಕು.

ಡಿಪೊ ಲೆಕ್ಕ
ಡಿಕ್ಕಿಲಿ ಲಗೇಜ್ ಇದ್ರೆ ಹತ್ತೋವಾಗ್ಲೇ ಹೇಳಿ. ಒಳಗಡೆ ತಳ್ಳಿಬಿಟ್ರೆ ಪಡೀಲಲ್ಲಿ ಎಲ್ಲರ ಚೀಲ ಇಳಿಸಿ ನಿಮ್ದು ಹುಡುಕಬೇಕಾಗುತ್ತೆ.

ಮೀಟರ್‌ಗೇಜ್ ಮಾಣಿ
ಸರಿ, ಇಷ್ಟನ್ನೂ ಕೂಡಿಸಿ ಒಂದು ಹಾಳೆ ಮಾಡುತ್ತೇನೆ. @ಡಿಪೊ ಲೆಕ್ಕ, 22 ಬಸ್ಸಿನಲ್ಲಿ ಕುಕ್ಕೆಗೆ ಎಷ್ಟು, ಪುತ್ತೂರಿಗೆ ಎಷ್ಟು ಅಂತ ಹಂಚಿ ಕೊಡುತ್ತೀರಾ?

ಡಿಪೊ ಲೆಕ್ಕ
ಷಷ್ಠಿ ದಿನದ್ದಾ, ಬೇರೆ ದಿನದ್ದಾ? ಎರಡಕ್ಕೂ ಒಂದೇ ಹಾಳೆ ಸಾಲಲ್ಲ.